೧೪೨೮೫೭ ಎಂಬ ಸಂಖ್ಯೆ

ಏಳರ ಮಗ್ಗಿಯೆಂದರೆ ನಮ್ಮ ಮಕ್ಕಳಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಎರಡು, ಐದು, ಹತ್ತರ ಮಗ್ಗಿಗಳನ್ನು ಅವರು ಹಾಡಿನಂತೆ ಹೇಳಿಬಿಡುತ್ತಾರೆ. ಒಂಬತ್ತರ ಮಗ್ಗಿಯಲ್ಲಿ ಅಂಕಿಗಳನ್ನು ಕೂಡಿದರೆ ಒಂಬತ್ತೇ ಬರುವುದೆಂಬ ಊರುಗೋಲಿದೆ. ಏಳಕ್ಕೆ ಅಂತಹ ಆಸರೆ ಯಾವುದೂ ಇಲ್ಲ. ಏಳೇಳಲೆ ನಲವತ್ತೊಂಬತ್ತು ಎಂಬಲ್ಲಿಗೆ ಬರುವಷ್ಟರಲ್ಲಿ ಅರ್ಧ ತರಗತಿಯ ದನಿ ಅಡಗಿರುತ್ತದೆ. ಭಾಗಾಕಾರದಲ್ಲಿ ಈ ಏಳರ ಉಪದ್ರವ ಇನ್ನೂ ಹೆಚ್ಚು. ಒಂದನ್ನು ಎರಡು, ನಾಲ್ಕು, ಐದು, ಎಂಟರಿಂದ ಭಾಗಿಸಿದರೆ ದಶಮಾಂಶವು ಕೆಲವೇ ಸ್ಥಾನಗಳಲ್ಲಿ ಮುಗಿದುಹೋಗುತ್ತದೆ. ಮೂರು, ಆರು, ಒಂಬತ್ತರಿಂದ ಭಾಗಿಸಿದರೆ ಮುಗಿಯದಿದ್ದರೂ ಒಂದೇ ಅಂಕಿಯು ಮತ್ತೆ ಮತ್ತೆ ಬರುವುದರಿಂದ ಹುಡುಗರು ಬೇಸತ್ತು ನಿಲ್ಲಿಸುತ್ತಾರೆ. ಏಳು ಮಾತ್ರ ಮುಗಿಯುವುದೂ ಇಲ್ಲ, ಒಂದು ಅಂಕಿಯ ಮೇಲೆ ನೆಲೆ ನಿಲ್ಲುವುದೂ ಇಲ್ಲ. ಆದುದರಿಂದಲೇ ನಮ್ಮ ಲೆಕ್ಕದ ಪುಸ್ತಕಗಳಲ್ಲಿ ಏಳು ಛೇದವಾಗಿ ಬಂದೊಡನೆ "ಎರಡು ದಶಮಾಂಶ ಸ್ಥಾನಗಳವರೆಗೆ ಉತ್ತರ ಬರೆಯಿರಿ" ಎಂಬ ಸೂಚನೆಯೂ ಜೊತೆಗೇ ಬರುವುದು. ಹುಡುಗನು ೦.೧೪ ಎಂದು ಬರೆದು ಬಳಪ ಕೆಳಗಿಡುತ್ತಾನೆ. ಗುರುಗಳು ಸರಿ ಎಂದು ಗುರುತು ಹಾಕುತ್ತಾರೆ. ಉಳಿದ ಶೇಷದ ಗತಿಯೇನಾಯಿತೆಂದು ಇಬ್ಬರೂ ವಿಚಾರಿಸುವುದಿಲ್ಲ.

ಹಿಂದಿನ ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ, ಒಟ್ಟು ೧೯೨ ಪೈ ಎಂಬುದನ್ನು ಹಿರಿಯ ವಾಚಕರು ಬಲ್ಲರು. ಅಂತಹ ಒಂದು ರೂಪಾಯಿಯನ್ನು ಏಳು ಜನ ಹಂಚಿಕೊಂಡರೆ ತಲೆಗೆ ಎರಡಾಣೆ ಮೂರು ಪೈ ಬಂದು ಮೂರು ಪೈ ಉಳಿಯುತ್ತಿತ್ತು. ೧೯೫೭ನೆಯ ಇಸವಿ ಏಪ್ರಿಲ್ ೧ರಿಂದ ದಶಮಾನ ನಾಣ್ಯ ಬಂದು ರೂಪಾಯಿಗೆ ನೂರು ಪೈಸೆಯಾಯಿತು. ಈಗ ತಲೆಗೆ ಹದಿನಾಲ್ಕು ಪೈಸೆ. ಉಳಿಕೆ ಎರಡು ಪೈಸೆ. ಆ ಎರಡು ಪೈಸೆಯನ್ನು ಹುಂಡಿಗೆ ಹಾಕಿ ಕೈತೊಳೆದುಕೊಳ್ಳುವುದು ಲೋಕವ್ಯವಹಾರ. ಹುಂಡಿಗೆ ಹಾಕದೆ ಅದನ್ನೂ ಹಂಚುತ್ತ ಹೋದರೆ ಏನಾಗುವುದೆಂಬುದೇ ಈ ಲೇಖನದ ವಿಷಯ.

ಕೆಲವು ವರ್ಷಗಳ ಹಿಂದೆ, ಒಂದು ಮಳೆಗಾಲದ ಮಧ್ಯಾಹ್ನ, ಏಳನೆಯ ಇಯತ್ತೆಯ ಗಣಿತದ ಅಧ್ಯಾಪಕರು ರಜೆಯ ಮೇಲಿದ್ದುದರಿಂದ ನಾವು ಆ ತರಗತಿಗೆ ಹೋಗಬೇಕಾಯಿತು. ಪಾಠಕ್ಕೆ ಸಿದ್ಧರಾಗಿ ಹೋಗಿರಲಿಲ್ಲವೆಂಬುದನ್ನು ಒಪ್ಪಿಕೊಳ್ಳುತ್ತೇವೆ. ಹೊತ್ತು ಕಳೆಯಲೆಂದು ಹಲಗೆಯ ಮೇಲೆ ೧೪೨೮೫೭ ಎಂದು ಬರೆದು, ಇದನ್ನು ಒಂದರಿಂದ ಆರರವರೆಗಿನ ಸಂಖ್ಯೆಗಳಿಂದ ಗುಣಿಸಿರೆಂದು ಹೇಳಿದೆವು. ಹುಡುಗರು ಗುಣಿಸಿ ತಂದ ಫಲಗಳು ಇವು:

೧೪೨೮೫೭ × ೧ = ೧೪೨೮೫೭
೧೪೨೮೫೭ × ೨ = ೨೮೫೭೧೪
೧೪೨೮೫೭ × ೩ = ೪೨೮೫೭೧
೧೪೨೮೫೭ × ೪ = ೫೭೧೪೨೮
೧೪೨೮೫೭ × ೫ = ೭೧೪೨೮೫
೧೪೨೮೫೭ × ೬ = ೮೫೭೧೪೨

ಆರು ಸಾಲುಗಳಲ್ಲಿಯೂ ಅವೇ ಆರು ಅಂಕಿಗಳು. ಅಷ್ಟೇ ಅಲ್ಲ, ಅವುಗಳ ಅನುಕ್ರಮವೂ ಅದೇ. ಹೊರಡುವ ಸ್ಥಳ ಮಾತ್ರ ಬೇರೆ. ಏಳರಿಂದ ಗುಣಿಸಿದಾಗ ಆಟ ಥಟ್ಟನೆ ನಿಂತು ೯೯೯೯೯೯ ಬರುತ್ತದೆ. ತರಗತಿಯಲ್ಲಿ ಗದ್ದಲವೆದ್ದಿತು. ಆ ಗದ್ದಲದ ಸಂತೋಷದಲ್ಲಿ ನಾವು ಒಂದು ಮಾತನ್ನು ಹೆಚ್ಚಾಗಿ ಆಡಿಬಿಟ್ಟೆವು: "ಇದು ಒಂದನ್ನು ಏಳರಿಂದ ಭಾಗಿಸಿದಾಗ ಬರುವ ಸಂಖ್ಯೆ, ಏಳರಂತೆ ಇನ್ನಾವ ದೊಡ್ಡ ಅವಿಭಾಜ್ಯ ಸಂಖ್ಯೆಯಿಂದ ಭಾಗಿಸಿದರೂ ಹೀಗೆಯೇ ಆಗುವುದು" ಎಂದೆವು. ಈ ಮಾತಿನ ಪ್ರಾಯಶ್ಚಿತ್ತವನ್ನು ಮುಂದೆ ಹೇಳುತ್ತೇವೆ. ಮೊದಲು ಇದರ ಕಾರಣವನ್ನು ನೋಡೋಣ.

ಒಂದನ್ನು ಏಳರಿಂದ ಭಾಗಿಸುವಾಗ ನಾವು ಸಾಮಾನ್ಯವಾಗಿ ಭಾಗಲಬ್ಧದ ಕಡೆಗೆ ನೋಡುತ್ತೇವೆ. ಕಣ್ಣನ್ನು ಶೇಷಗಳ ಕಡೆಗೆ ತಿರುಗಿಸಬೇಕು. ಒಂದಕ್ಕೆ ಸೊನ್ನೆ ಸೇರಿಸಿದರೆ ಹತ್ತು. ಹತ್ತರಲ್ಲಿ ಏಳು ಒಂದು ಸಲ, ಶೇಷ ೩. ಮೂವತ್ತರಲ್ಲಿ ನಾಲ್ಕು ಸಲ, ಶೇಷ ೨. ಇಪ್ಪತ್ತರಲ್ಲಿ ಎರಡು ಸಲ, ಶೇಷ ೬. ಅರವತ್ತರಲ್ಲಿ ಎಂಟು ಸಲ, ಶೇಷ ೪. ನಲವತ್ತರಲ್ಲಿ ಐದು ಸಲ, ಶೇಷ ೫. ಐವತ್ತರಲ್ಲಿ ಏಳು ಸಲ, ಶೇಷ ೧. ಹೊರಟದ್ದು ಒಂದರಿಂದ, ಬಂದು ಮುಟ್ಟಿದ್ದೂ ಒಂದಕ್ಕೆ. ಇಲ್ಲಿಂದ ಮುಂದೆ ನಡೆದ ದಾರಿಯಲ್ಲೇ ಮತ್ತೆ ನಡೆಯಬೇಕಲ್ಲದೆ ಬೇರೆ ದಾರಿಯಿಲ್ಲ. ಏಳರಿಂದ ಭಾಗಿಸುವಾಗ ಉಳಿಯಬಹುದಾದ ಶೇಷಗಳು ಒಂದರಿಂದ ಆರರವರೆಗೆ ಆರೇ ಆರು. ಸೊನ್ನೆ ಉಳಿಯುವಂತಿಲ್ಲ, ಏಕೆಂದರೆ ಒಂದರ ಮುಂದೆ ಎಷ್ಟು ಸೊನ್ನೆ ಬರೆದರೂ ಅದು ಎರಡು ಮತ್ತು ಐದುಗಳ ಗುಣಲಬ್ಧವೇ, ಅದರಲ್ಲಿ ಏಳು ಅಡಗಿರಲಾರದು. ಆರು ಶೇಷಗಳು ಮುಗಿದ ಮೇಲೆ ಏಳನೆಯ ಹೆಜ್ಜೆಯಲ್ಲಿ ಹಳೆಯ ಶೇಷವೊಂದು ಬರಲೇಬೇಕು.

ಮಕ್ಕಳಿಗೆ ಇದನ್ನು ತಿಳಿಸಲು ನಾವು ಅಂಗಳದಲ್ಲಿ ಒಂದು ದೊಡ್ಡ ವೃತ್ತವನ್ನು ಬರೆಸಿ ಅದರ ಮೇಲೆ ಆರು ಮನೆಗಳನ್ನು ಮಾಡಿಸುವುದುಂಟು. ಮನೆಗಳ ಹೆಸರು ಅನುಕ್ರಮವಾಗಿ ೧, ೩, ೨, ೬, ೪, ೫. ಒಂದು ಮನೆಯಿಂದ ಮುಂದಿನ ಮನೆಗೆ ಹೋಗುವಾಗ ಒಂದೊಂದು ಅಂಕಿಯನ್ನು ಕೂಗಬೇಕು: ೧, ೪, ೨, ೮, ೫, ೭. ಏಳರಲ್ಲಿ ಒಂದು ಭಾಗವೆಂದರೆ ೧ರ ಮನೆಯಿಂದ ಹೊರಡುವುದು. ಏಳರಲ್ಲಿ ಎರಡು ಭಾಗವೆಂದರೆ ೨ರ ಮನೆಯಿಂದ. ಮೂರು ಭಾಗವೆಂದರೆ ೩ರ ಮನೆಯಿಂದ. ಯಾವ ಮನೆಯಿಂದ ಹೊರಟರೂ ಸುತ್ತು ಅದೇ, ಕೂಗು ಅದೇ. ೧೪೨೮೫೭ನ್ನು ಮೂರರಿಂದ ಗುಣಿಸಿದಾಗ ೪೨೮೫೭೧ ಬಂದುದರಲ್ಲಿ ಮಾಯೆಯೇನೂ ಇಲ್ಲ. ಹುಡುಗನು ಮೂರನೆಯ ಹೆಸರಿನ ಮನೆಯಿಂದ ಹೊರಟಿದ್ದಾನೆ, ಅಷ್ಟೆ. ಈ ಆಟವನ್ನು ಆಡಿದ ಮಕ್ಕಳು ಆವರ್ತ ದಶಮಾಂಶವನ್ನು ಮರೆತುದನ್ನು ನಾವು ಕಂಡಿಲ್ಲ. ಕೈಯಲ್ಲಿ ಹಿಡಿವ ಗಣಕದಲ್ಲಿಯಾಗಲಿ ಮೊಬೈಲಿನಲ್ಲಿಯಾಗಲಿ ಒಂದನ್ನು ಏಳರಿಂದ ಭಾಗಿಸಿದರೆ ಅಂಕಿಗಳು ಕ್ಷಣಾರ್ಧದಲ್ಲಿ ಮೂಡುವುವು ನಿಜ. ಆದರೆ ಆ ಯಂತ್ರವು ಶೇಷಗಳನ್ನು ತನ್ನ ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತದೆ. ಕಾರಣವೆಲ್ಲ ಇರುವುದು ಅಲ್ಲಿಯೇ. ಕೈಬರಹದ ಭಾಗಾಕಾರವನ್ನು ಶಾಲೆಯಿಂದ ಹೊರದೂಡಬಾರದೆಂದು ನಾವು ಹಟ ಹಿಡಿಯುವುದು ಈ ಕಾರಣಕ್ಕಾಗಿಯೇ ಹೊರತು ಹಳೆಯದೆಂಬ ಮೋಹದಿಂದಲ್ಲ.

ಏಳನ್ನು ದಾಟಿದ ಮೇಲೆ ಈ ಸಂಖ್ಯೆಯ ಗುಣ ಕೆಡುವುದೆಂದು ಕೆಲವರು ತಿಳಿದಿದ್ದಾರೆ. ಎಂಟರಿಂದ ಗುಣಿಸಿದರೆ ೧೧೪೨೮೫೬ ಬರುತ್ತದೆ. ಅಂಕಿಗಳು ಬದಲಾದವಲ್ಲಾ ಎನ್ನಬಹುದು. ಆದರೆ ಬಲಗಡೆಯ ಆರು ಅಂಕಿಗಳನ್ನು ಬಿಟ್ಟು ಎಡಗಡೆ ಮಿಕ್ಕಿದ ಒಂದನ್ನು ತಂದು ಬಲಭಾಗಕ್ಕೆ ಕೂಡಿರಿ: ೧೪೨೮೫೬ + ೧ = ೧೪೨೮೫೭. ಇದಕ್ಕೆ ನಾವು ಮಡಿಚಿ ಕೂಡುವುದೆಂದು ಹೆಸರಿಟ್ಟಿದ್ದೇವೆ. ಇನ್ನೂ ದೊಡ್ಡ ಸಂಖ್ಯೆಯನ್ನು ತೆಗೆದುಕೊಳ್ಳೋಣ. ವರ್ಷದ ದಿನಗಳು ೩೬೫. ಗುಣಿಸಿದರೆ ೫೨೧೪೨೮೦೫. ಮಡಿಚಿ ಕೂಡಿದರೆ ೫೨ + ೧೪೨೮೦೫ = ೧೪೨೮೫೭. ಎಡಗಡೆಗೆ ಬಂದ ಐವತ್ತೆರಡನ್ನು ನೋಡಿದೊಡನೆ ಜಾಣ ಹುಡುಗರು ಕೂಗುತ್ತಾರೆ: ವರ್ಷಕ್ಕೆ ಐವತ್ತೆರಡು ವಾರ! ಹೌದು, ೩೬೫ ಎಂದರೆ ಐವತ್ತೆರಡು ವಾರ ಮತ್ತು ಒಂದು ದಿನ. ನಮ್ಮ ಸಂಖ್ಯೆಯ ಏಳು ಪಟ್ಟು ೯೯೯೯೯೯, ಅಂದರೆ ಹತ್ತು ಲಕ್ಷಕ್ಕೆ ಒಂದು ಕಡಿಮೆ. ಆದ್ದರಿಂದ ಪ್ರತಿಯೊಂದು ಏಳಕ್ಕೂ ಎಡಗಡೆಯಲ್ಲಿ ಒಂದು ಹೆಚ್ಚುತ್ತದೆ, ಬಲಗಡೆಯಲ್ಲಿ ಒಂದು ಕುಂದುತ್ತದೆ. ಐವತ್ತೆರಡು ಏಳುಗಳಿಗೆ ಎಡಗಡೆ ೫೨ ಸೇರಿ ಬಲಗಡೆ ೫೨ ಕಡಿಮೆಯಾಗುತ್ತದೆ. ಮಡಿಚಿ ಕೂಡಿದಾಗ ಆ ಸಾಲ ತೀರಿ, ಏಳರಿಂದ ಭಾಗಿಸಿ ಉಳಿದ ಶೇಷದಷ್ಟು ಪಟ್ಟು ನಮ್ಮ ಸಂಖ್ಯೆ ಕಾಣಿಸಿಕೊಳ್ಳುತ್ತದೆ. ಅಧಿಕ ವರ್ಷದ ೩೬೬ರಿಂದ ಗುಣಿಸಿದರೆ ೫೨೨೮೫೬೬೨. ಮಡಿಚಿದರೆ ೨೮೫೭೧೪, ಅಂದರೆ ಎರಡು ಪಟ್ಟು. ೧೯೪೭ನೆಯ ಆಗಸ್ಟ್ ೧೫ ಶುಕ್ರವಾರವಾಗಿತ್ತು. ನಡುವೆ ಫೆಬ್ರವರಿ ೨೯ ಬಂದುದರಿಂದ ೧೯೪೮ನೆಯ ಆಗಸ್ಟ್ ೧೫ ಎರಡು ದಿನ ಮುಂದಕ್ಕೆ ಸರಿದು ರವಿವಾರವಾಯಿತು. ವಾರವನ್ನು ಕಂಡುಹಿಡಿಯಲು ಹೀಗೆ ಲಕ್ಷಗಟ್ಟಲೆ ಗುಣಿಸಬೇಕೆಂದು ನಾವು ಹೇಳುತ್ತಿಲ್ಲ. ಏಳರಿಂದ ಭಾಗಿಸಿದರೆ ಸಾಕು. ಪಂಚಾಂಗದ ಲೆಕ್ಕವೂ ಈ ಸಂಖ್ಯೆಯ ಆಟವೂ ಒಂದೇ ಎಂಬುದನ್ನು ತೋರಿಸುವುದಷ್ಟೇ ಉದ್ದೇಶ.

ಇದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರೆ ನಮ್ಮ ಮಹಾರಾಷ್ಟ್ರದವರೇ ಆದ ಒಬ್ಬ ಶಾಲಾ ಉಪಾಧ್ಯಾಯರ ಹೆಸರನ್ನು ನೆನೆಯಬೇಕಾಗುತ್ತದೆ. ದತ್ತಾತ್ರೇಯ ರಾಮಚಂದ್ರ ಕಾಪ್ರೇಕರರು ೧೯೦೫ರಲ್ಲಿ ಡಹಾಣುವಿನಲ್ಲಿ ಜನಿಸಿ, ೧೯೩೦ರಿಂದ ೧೯೬೨ರವರೆಗೆ ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲೆಯ ಮಕ್ಕಳಿಗೆ ಪಾಠ ಹೇಳಿದವರು. ವಿಶ್ವವಿದ್ಯಾಲಯದ ಹುದ್ದೆಯಿಲ್ಲ, ಸಂಶೋಧನೆಗೆ ಸಹಾಯಕರಿಲ್ಲ. ಪಾಠ ಮುಗಿದ ಮೇಲೆ ಸಂಖ್ಯೆಗಳೊಡನೆ ಕಾಲ ಕಳೆಯುವುದು ಅವರ ಸ್ವಭಾವ. ಒಂದು ಸಂಖ್ಯೆಯ ವರ್ಗವನ್ನು ಎರಡು ತುಂಡು ಮಾಡಿ ಕೂಡಿದಾಗ ಮತ್ತೆ ಮೂಲ ಸಂಖ್ಯೆಯೇ ಬಂದರೆ ಅಂತಹುದಕ್ಕೆ ಈಗ ಜಗತ್ತಿನಾದ್ಯಂತ ಕಾಪ್ರೇಕರ್ ಸಂಖ್ಯೆಯೆಂದು ಹೆಸರು. ನಲವತ್ತೈದರ ವರ್ಗ ೨೦೨೫; ೨೦ + ೨೫ = ೪೫. ಐವತ್ತೈದರ ವರ್ಗ ೩೦೨೫; ೩೦ + ೨೫ = ೫೫. ೨೯೭ರ ವರ್ಗ ೮೮೨೦೯; ೮೮ + ೨೦೯ = ೨೯೭. ಈಗ ನಮ್ಮ ಸಂಖ್ಯೆಯ ವರ್ಗವನ್ನು ಮಾಡೋಣ. ೧೪೨೮೫೭ × ೧೪೨೮೫೭ = ೨೦೪೦೮೧೨೨೪೪೯. ಬಲದ ಆರು ಅಂಕಿಗಳನ್ನು ಬಿಡಿಸಿ ಮಡಿಚಿ ಕೂಡಿರಿ: ೨೦೪೦೮ + ೧೨೨೪೪೯ = ೧೪೨೮೫೭. ಇದು ಹೊಸ ಚಮತ್ಕಾರವೆಂದು ತೋರಿದರೂ ಹೊಸದಲ್ಲ. ೩೬೫ರಿಂದ ಗುಣಿಸಿದಾಗ ನಡೆದುದೇ ಇಲ್ಲಿಯೂ ನಡೆದಿದೆ. ೧೪೨೮೫೭ನ್ನು ಏಳರಿಂದ ಭಾಗಿಸಿ ನೋಡಿರಿ: ಭಾಗಲಬ್ಧ ೨೦೪೦೮, ಶೇಷ ೧. ಎಡಗಡೆಗೆ ಬಂದು ಕುಳಿತಿರುವುದು ಆ ಭಾಗಲಬ್ಧವೇ. ಶೇಷ ಒಂದಾದುದರಿಂದ ಮಡಿಚಿದಾಗ ಒಂದು ಪಟ್ಟು, ಅಂದರೆ ಅದೇ ಸಂಖ್ಯೆ. ೧೯೮೬ರಲ್ಲಿ ತೀರಿಕೊಂಡ ಕಾಪ್ರೇಕರರನ್ನು ಅವರ ಕಾಲದ ಪಂಡಿತರಲ್ಲಿ ಹಲವರು ಲಘುವಾಗಿ ಕಂಡರು. ೧೯೭೫ರಲ್ಲಿ ಅಮೆರಿಕದ ಒಂದು ಹೆಸರಾಂತ ವಿಜ್ಞಾನಪತ್ರಿಕೆಯಲ್ಲಿ ಅವರ ವಿಷಯವಾಗಿ ಲೇಖನ ಬಂದ ಮೇಲೆ ಅವರ ಕೀರ್ತಿ ದೂರದೂರಕ್ಕೆ ಹಬ್ಬಿತು. ನಿವೃತ್ತರಾಗಿ ಆಗಲೇ ಹದಿಮೂರು ವರ್ಷ ಕಳೆದಿದ್ದವು.

ಇನ್ನು ಈ ಸಂಖ್ಯೆಯನ್ನು ನಡುವೆ ಮುರಿದು ನೋಡೋಣ. ೧೪೨ + ೮೫೭ = ೯೯೯. ಎರಡೆರಡು ಅಂಕಿಗಳಾಗಿ ಮುರಿದರೆ ೧೪ + ೨೮ + ೫೭ = ೯೯. ಇದಕ್ಕೂ ಉತ್ತರ ಅಂಗಳದ ವೃತ್ತದಲ್ಲಿದೆ. ವೃತ್ತದಲ್ಲಿ ಎದುರುಬದುರು ಇರುವ ಮನೆಗಳನ್ನು ನೋಡಿರಿ: ೧ಕ್ಕೆ ಎದುರು ೬, ೩ಕ್ಕೆ ಎದುರು ೪, ೨ಕ್ಕೆ ಎದುರು ೫. ಪ್ರತಿ ಜೋಡಿಯ ಮೊತ್ತ ಏಳು. ಏಳರಲ್ಲಿ ಒಂದು ಭಾಗಕ್ಕೆ ಏಳರಲ್ಲಿ ಆರು ಭಾಗ ಸೇರಿದರೆ ಪೂರ್ಣ ಒಂದು. ೧೪೨೮೫೭ಕ್ಕೆ ೮೫೭೧೪೨ ಸೇರಿದರೆ ಒಂಬತ್ತುಗಳ ಸಾಲು. ಮೇಲಿನದರ ಪೂರ್ವಾರ್ಧದ ಕೆಳಗೆ ಅದರದೇ ಉತ್ತರಾರ್ಧ ಬಂದು ಕುಳಿತಿದೆಯಷ್ಟೆ. ಈ ಗುಣವು ಏಳಕ್ಕೆ ಮಾತ್ರವಲ್ಲದೆ, ಆವರ್ತದ ಅಂಕಿಗಳು ಸಮಸಂಖ್ಯೆಯಲ್ಲಿರುವ ಎಲ್ಲ ಅವಿಭಾಜ್ಯ ಛೇದಗಳಿಗೂ ಉಂಟೆಂದು ಮಿಡಿ ಎಂಬ ಫ್ರೆಂಚ್ ಗಣಿತಜ್ಞನು ೧೮೩೬ರಲ್ಲಿ ತೋರಿಸಿದನು. ಎರಡೆರಡಾಗಿ ಮುರಿದದ್ದು ನಮ್ಮ ಪೈಸೆಯ ಲೆಕ್ಕವೇ. ನೂರು ಪೈಸೆಯಲ್ಲಿ ತಲೆಗೆ ೧೪, ಉಳಿಕೆ ೨. ಆ ಎರಡನ್ನು ಇನ್ನೂರು ಚೂರು ಮಾಡಿದರೆ ತಲೆಗೆ ೨೮, ಉಳಿಕೆ ೪. ಆ ನಾಲ್ಕನ್ನು ನಾನೂರು ಮಾಡಿದರೆ ತಲೆಗೆ ೫೭, ಉಳಿಕೆ ೧. ಹದಿನಾಲ್ಕು, ಅದರ ಇಮ್ಮಡಿ ಇಪ್ಪತ್ತೆಂಟು, ಅದರ ಇಮ್ಮಡಿ ಐವತ್ತಾರು. ಮುಂದಿನ ಹಂಚಿಕೆಯಿಂದ ಉಕ್ಕಿಬಂದ ಒಂದು ಸೇರಿ ಐವತ್ತೇಳು. ಹುಂಡಿಗೆ ಹಾಕದೆ ಉಳಿಸಿಕೊಂಡ ಎರಡು ಪೈಸೆ ಹೀಗೆ ಕೆಲಸ ಮಾಡಿದೆ.

ಈ ಅಂಕಿಮಾಲೆಯು ನಮ್ಮ ನಾಡಿಗೆ ಹೊಸದಲ್ಲವೆಂಬುದಕ್ಕೆ ಒಂದು ಹಳೆಯ ಸಾಕ್ಷಿಯಿದೆ. ನಮ್ಮ ಜಿಲ್ಲೆಗೆ ನೆರೆಯದಾದ ಕಲಬುರಗಿ ಜಿಲ್ಲೆಯ ಸೇಡಂ ತಾಲೂಕಿನಲ್ಲಿ, ಕಾಗಿಣಾ ನದಿಯ ದಡದ ಮೇಲೆ, ಮಳಖೇಡವೆಂಬ ಊರಿದೆ. ಅದೇ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನು ಆಳುತ್ತಿದ್ದ ಕಾಲದಲ್ಲಿ, ಕ್ರಿ. ಶ. ೮೫೦ರ ಸುಮಾರಿಗೆ, ಜೈನ ಗಣಿತಜ್ಞನಾದ ಮಹಾವೀರಾಚಾರ್ಯನು ಗಣಿತಸಾರಸಂಗ್ರಹವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿ ಅದರ ಆರಂಭದಲ್ಲಿ ಆ ರಾಜನನ್ನು ಸ್ತುತಿಸಿದ್ದಾನೆ. ಎಂ. ರಂಗಾಚಾರ್ಯರು ಇದನ್ನು ಇಂಗ್ಲಿಷ್ ಅನುವಾದದೊಡನೆ ಸಂಪಾದಿಸಿದರು. ೧೯೧೨ರಲ್ಲಿ ಅದು ಮದರಾಸಿನಲ್ಲಿ ಅಚ್ಚಾಯಿತು. ಗುಣಾಕಾರದ ಪ್ರಕರಣದಲ್ಲಿ ಆಚಾರ್ಯನು ಎರಡು ಕಡೆಯಿಂದಲೂ ಒಂದೇ ತೆರನಾಗಿ ಓದಲು ಬರುವ ಗುಣಲಬ್ಧಗಳನ್ನು ಕೊರಳ ಹಾರಕ್ಕೆ ಹೋಲಿಸಿ ಹಲವು ಉದಾಹರಣೆಗಳನ್ನು ಕೊಟ್ಟಿದ್ದಾನೆ. ೧೨೩೪೫೬೭೯ನ್ನು ಒಂಬತ್ತರಿಂದ ಗುಣಿಸಿದರೆ ಒಂಬತ್ತು ಒಂದುಗಳ ಹಾರ. ಇನ್ನೊಂದು ಹಾರ ನಮಗೆ ಬೇಕಾದುದು:

೧೪೨೮೫೭೧೪೩ × ೭ = ೧೦೦೦೦೦೦೦೦೧

ಎರಡು ತುದಿಗೆ ಎರಡು ಮಣಿ, ನಡುವೆ ಎಂಟು ಸೊನ್ನೆ. ಆಚಾರ್ಯನು ಆವರ್ತ ದಶಮಾಂಶದ ಮಾತನ್ನೆತ್ತಿಲ್ಲ. ದಶಮಾಂಶ ಭಿನ್ನರಾಶಿಯ ಬರಹವೇ ಆಗ ರೂಢಿಯಲ್ಲಿರಲಿಲ್ಲ. ಆದರೂ ಎಡಗಡೆಯ ಸಂಖ್ಯೆಯ ಮೊದಲ ಆರು ಅಂಕಿಗಳನ್ನು ನೋಡಿರಿ. ಒಂದರ ಮುಂದೆ ಒಂಬತ್ತು ಸೊನ್ನೆಗಳನ್ನಿಟ್ಟು ಏಳರಿಂದ ಭಾಗಿಸುತ್ತ ಹೋದರೆ ಒಂಬತ್ತನೆಯ ಹೆಜ್ಜೆಯಲ್ಲಿ ೧೪೨೮೫೭೧೪೨ ಬಂದು ೬ರ ಮನೆಯಲ್ಲಿ ನಿಂತಿರುತ್ತೇವೆ. ಆ ಆರಕ್ಕೆ ಒಂದನ್ನು ಕೂಡಿದರೆ ಏಳಾಗಿ ಭಾಗಾಕಾರ ನಿಶ್ಶೇಷವಾಗುತ್ತದೆ, ಕೊನೆಯ ಎರಡು ಮೂರಾಗುತ್ತದೆ. ಹಾರದ ಬಲತುದಿಯ ಮಣಿ ಹೀಗೆ ಕೂಡಿದ ಆ ಒಂದೇ. ೧೪೨೮೭೧೪೩ನ್ನು ಏಳರಿಂದ ಗುಣಿಸಿದರೆ ಬರುವ ೧೦೦೦೧೦೦೦೧ ಎಂಬುದೂ ಅದೇ ಪುಸ್ತಕದ್ದು. ಇದರ ಕಾರಣವನ್ನು ವಿದ್ಯಾರ್ಥಿಗಳು ತಾವೇ ಹುಡುಕಲೆಂದು ಬಿಟ್ಟಿದ್ದೇವೆ.

ಈಗ ನಮ್ಮ ಪ್ರಾಯಶ್ಚಿತ್ತದ ಸಂಗತಿ. ಆ ಮಳೆಗಾಲದ ಪಾಠದ ಮರುದಿನ ಪ್ರಾರ್ಥನೆಗೆ ಮೊದಲೇ ಏಳನೆಯ ಇಯತ್ತೆಯ ಒಬ್ಬ ಹುಡುಗಿ ಪಾಟಿಯನ್ನು ಹಿಡಿದುಕೊಂಡು ನಮ್ಮ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ನಾವು ಹೇಳಿದುದನ್ನು ನಂಬಿ ಆಕೆ ಒಂದನ್ನು ಹದಿಮೂರರಿಂದ ಭಾಗಿಸಿದ್ದಳು. "ಸರ್, ಹನ್ನೆರಡು ಮನಿ ಇರಬೇಕಾಗಿತ್ತಲ್ರಿ? ಆರಕ್ಕ ತಿರುಗಿ ಬಂತು. ಉಳಿದ ಆರು ಮನಿ ಎಲ್ಲಿ ಹೋದವ್ರಿ?" ಎಂದಳು. ಭಾಗಾಕಾರದಲ್ಲಿ ಎಲ್ಲಿಯೋ ತಪ್ಪಿರಬೇಕು, ಮತ್ತೊಮ್ಮೆ ಮಾಡು ಎಂಬ ಮಾತು ನಮ್ಮ ನಾಲಗೆಯ ತುದಿಗೆ ಬಂದಿತ್ತು. ದೇವರ ದಯದಿಂದ ಅದಕ್ಕೆ ಮೊದಲು ಪಾಟಿಯನ್ನು ನೋಡಿದೆವು. ಒಂದು ತಪ್ಪೂ ಇರಲಿಲ್ಲ. ಭಾಗಲಬ್ಧ ೦.೦೭೬೯೨೩, ಮತ್ತೆ ೦೭೬೯೨೩. ಶೇಷಗಳು ೧, ೧೦, ೯, ೧೨, ೩, ೪, ಅಲ್ಲಿಂದ ಪುನಃ ೧. ಇಪ್ಪತ್ತು ವರ್ಷ ಗಣಿತವನ್ನು ಕಲಿಸಿದ ನಾವು ಕಲಿಸಿದ್ದು ತಪ್ಪು. ಹನ್ನೆರಡು ವರ್ಷದ ಆಕೆ ಕಂಡದ್ದು ಸರಿ.

ಉಳಿದ ಆರು ಮನೆಗಳು ಎಲ್ಲಿಗೂ ಹೋಗಿರಲಿಲ್ಲ. ಅವಳನ್ನು ಅಲ್ಲಿಯೇ ಕೂಡಿಸಿ, ಈ ಸಾಲಿನಲ್ಲಿ ಬಾರದ ೨ರಿಂದ ಆರಂಭಿಸೆಂದು ಹೇಳಿದೆವು. ಹದಿಮೂರರಲ್ಲಿ ಎರಡು ಭಾಗ ೦.೧೫೩೮೪೬; ಶೇಷಗಳು ೨, ೭, ೫, ೧೧, ೬, ೮, ಪುನಃ ೨. ಕಾಣೆಯಾದ ಆರೂ ಅಲ್ಲಿದ್ದವು. ಏಳರ ಊರಿಗೆ ಒಂದೇ ಓಣಿ, ಆರು ಮನೆ. ಹದಿಮೂರರ ಊರಿಗೆ ಎರಡು ಓಣಿ, ಒಂದೊಂದರಲ್ಲಿ ಆರು ಮನೆ. ಒಂದು ಓಣಿಯಿಂದ ಇನ್ನೊಂದಕ್ಕೆ ಹೋಗಲು ದಾರಿಯಿಲ್ಲ. ೦೭೬೯೨೩ನ್ನು ಮೂರರಿಂದ ಗುಣಿಸಿದರೆ ೨೩೦೭೬೯ ಬರುತ್ತದೆ, ಏಕೆಂದರೆ ಮೂರು ಅದೇ ಓಣಿಯವನು. ಎರಡರಿಂದ ಗುಣಿಸಿದರೆ ಅಂಕಿಗಳೇ ಬೇರೆಯಾಗುತ್ತವೆ. ಮೊದಲ ಓಣಿಯ ಒಂದೊಂದು ಶೇಷವನ್ನೂ ಎರಡರಿಂದ ಗುಣಿಸಿ, ಹದಿಮೂರನ್ನು ಮೀರಿದರೆ ಹದಿಮೂರನ್ನು ಕಳೆದರೆ, ಎರಡನೆಯ ಓಣಿಯ ಶೇಷಗಳು ಅದೇ ಅನುಕ್ರಮದಲ್ಲಿ ದೊರೆಯುತ್ತವೆ: ೧ಕ್ಕೆ ೨, ೧೦ಕ್ಕೆ ೭, ೯ಕ್ಕೆ ೫. ಆದ್ದರಿಂದಲೇ ಎರಡು ಓಣಿಗಳ ಉದ್ದ ಸಮ. ಯಾವ ಅವಿಭಾಜ್ಯ ಛೇದವನ್ನು ತೆಗೆದುಕೊಂಡರೂ ಓಣಿಗಳೆಲ್ಲ ಸಮನಾಗಿಯೇ ಇರಬೇಕು. ಹನ್ನೊಂದರ ಹತ್ತು ಶೇಷಗಳು ಎರಡೆರಡರ ಐದು ಓಣಿಗಳಾಗಿ ಒಡೆಯುತ್ತವೆ. ಮೂವತ್ತೇಳರ ಮೂವತ್ತಾರು ಶೇಷಗಳು ಮೂರು ಮೂರರ ಹನ್ನೆರಡು ಓಣಿಗಳಾಗುತ್ತವೆ. ಆ ದಿನದ ಮೊದಲ ತಾಸಿನಲ್ಲಿಯೇ ಏಳನೆಯ ಇಯತ್ತೆಗೆ ಹೋಗಿ, ನಿನ್ನೆ ನಾವು ಹೇಳಿದ ಮಾತು ತಪ್ಪೆಂದು ಹಲಗೆಯ ಮೇಲೆ ಬರೆದು, ಆಕೆಯ ಕೈಯಿಂದಲೇ ಹದಿಮೂರರ ಭಾಗಾಕಾರವನ್ನು ಬರೆಸಿದೆವು. ಹುಡುಗರು ನಮ್ಮ ತಪ್ಪನ್ನು ಕಂಡಷ್ಟು ಸಂತೋಷದಿಂದ ೧೪೨೮೫೭ನ್ನೂ ಕಂಡಿರಲಿಲ್ಲ.

ಹಾಗಾದರೆ ಏಳರಂತೆ ಒಂದೇ ಓಣಿಯ ಊರುಗಳು ಇನ್ನಾವುವು? ನೂರರೊಳಗಿನ ಇಪ್ಪತ್ತೈದು ಅವಿಭಾಜ್ಯ ಸಂಖ್ಯೆಗಳಲ್ಲಿ ಅಂತಹವು ಒಂಬತ್ತು: ೭, ೧೭, ೧೯, ೨೩, ೨೯, ೪೭, ೫೯, ೬೧, ೯೭. ಸಾವಿರದೊಳಗಿನ ೧೬೮ರಲ್ಲಿ ೬೦. ಹದಿನೇಳರಿಂದ ಒಂದನ್ನು ಭಾಗಿಸಿದರೆ ೦೫೮೮೨೩೫೨೯೪೧೧೭೬೪೭ ಎಂಬ ಹದಿನಾರು ಅಂಕಿಗಳ ಸುತ್ತು ಬರುತ್ತದೆ. ಇದನ್ನೂ ಒಂದರಿಂದ ಹದಿನಾರರವರೆಗೆ ಗುಣಿಸಿದರೆ ಅಂಕಿಗಳು ಕದಲದೆ ತಿರುಗುತ್ತವೆ. ಆದರೆ ಇದರ ತಲೆಯಲ್ಲಿ ಸೊನ್ನೆಯಿದೆ. ಛೇದವು ಹತ್ತಕ್ಕಿಂತ ದೊಡ್ಡದಾದರೆ ಮೊದಲನೆಯ ಅಂಕಿ ಸೊನ್ನೆಯಾಗುವುದು ಅನಿವಾರ್ಯ; ಹತ್ತರೊಳಗಿರುವುದು ಏಳೊಂದೇ. ಹೀಗಾಗಿ ತಲೆಯಲ್ಲಿ ಸೊನ್ನೆಯಿಲ್ಲದೆ ಪೂರ್ಣವಾಗಿ ತಿರುಗುವ ಸಂಖ್ಯೆ ನಮ್ಮ ದಶಮಾನ ಪದ್ಧತಿಯಲ್ಲಿ ೧೪೨೮೫೭ ಒಂದೇ ಒಂದು. ಇಷ್ಟು ಹೊಗಳಿಕೆಗೆ ಅದು ನಿಜವಾಗಿಯೂ ಅರ್ಹವಾದುದೇ.

ಒಂದು ಅವಿಭಾಜ್ಯ ಸಂಖ್ಯೆಯನ್ನು ಕೊಟ್ಟರೆ ಅದು ಒಂದೇ ಓಣಿಯದೋ ಅಲ್ಲವೋ ಎಂದು ಲೆಕ್ಕಮಾಡಿ ಹೇಳಬಹುದು. ಲೆಕ್ಕಮಾಡದೆ ನೋಡಿದೊಡನೆ ಹೇಳಬಲ್ಲ ಸುಲಭ ಸೂತ್ರ ದೊರೆತಿಲ್ಲ. ಜರ್ಮನಿಯ ಮಹಾಗಣಿತಜ್ಞ ಗೌಸನು ೧೮೦೧ರಲ್ಲಿ, ತನ್ನ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಪ್ರಕಟಿಸಿದ ಸಂಖ್ಯಾಶಾಸ್ತ್ರದ ಗ್ರಂಥದಲ್ಲಿ ಈ ಆವರ್ತ ದಶಮಾಂಶಗಳನ್ನು ವಿವರವಾಗಿ ವಿಚಾರಿಸಿದ್ದಾನೆ. ಇಂತಹ ಸಂಖ್ಯೆಗಳು ಎಲ್ಲಿಯೋ ಒಂದು ಕಡೆ ಮುಗಿದುಹೋಗುವುವೋ ಅಥವಾ ಕೊನೆಯಿಲ್ಲದೆ ಬರುತ್ತಲೇ ಇರುವುವೋ ಎಂಬುದು ಇಂದಿಗೂ ಸಿದ್ಧವಾಗಿಲ್ಲ. ಕೊನೆಯಿಲ್ಲವೆಂದೂ, ನೂರು ಅವಿಭಾಜ್ಯಗಳಿಗೆ ಸರಾಸರಿ ಮೂವತ್ತೇಳಕ್ಕಿಂತ ತುಸು ಹೆಚ್ಚು ಇಂತಹವು ಸಿಗಬೇಕೆಂದೂ ನಂಬಲು ಕಾರಣಗಳಿವೆ. ಆ ಊಹೆಗೆ ಮೂಲ ಎಮಿಲ್ ಆರ್ಟಿನನು ೧೯೨೭ರಲ್ಲಿ ಮುಂದಿಟ್ಟ ವಿಚಾರ. ೧೯೬೭ರಲ್ಲಿ ಹೂಲಿಯೆಂಬ ಆಂಗ್ಲ ಗಣಿತಜ್ಞನು ಅದನ್ನು ಸಾಧಿಸಿದನು. ಆದರೆ ರೀಮಾನನ ಹೆಸರಿನ ಇನ್ನೊಂದು ದೊಡ್ಡ ಊಹೆಯನ್ನು ವ್ಯಾಪಕ ರೂಪದಲ್ಲಿ ನಿಜವೆಂದು ಒಪ್ಪಿಕೊಂಡರೆ ಮಾತ್ರ ಆ ಸಾಧನೆ ನಿಲ್ಲುತ್ತದ���. ಆ ದೊಡ್ಡ ಊಹೆಯೇ ಇನ್ನೂ ಸಿದ್ಧವಾಗಿಲ್ಲ. ಏಳನೆಯ ಇಯತ್ತೆಯ ಪಾಟಿಯ ಮೇಲೆ ಕೇಳಬಹುದಾದ ಒಂದು ಪ್ರಶ್ನೆಗೆ ಜಗತ್ತಿನಲ್ಲಿ ಉತ್ತರ ಬಲ್ಲವರು ಯಾರೂ ಇಲ್ಲವೆಂಬುದನ್ನು ನಾವು ಮಕ್ಕಳಿಗೆ ತಪ್ಪದೆ ಹೇಳುತ್ತೇವೆ. ಗಣಿತವೆಲ್ಲ ಪುಸ್ತಕದ ಕೊನೆಯ ಉತ್ತರಗಳ ಪುಟದಲ್ಲಿ ಮುಗಿದುಹೋಗಿದೆಯೆಂಬ ಭ್ರಮೆ ಅವರಲ್ಲಿ ಬಹಳವಾಗಿದೆ.

ಆ ಹುಡುಗಿಯ ವಿಚಾರ ಅಲ್ಲಿಗೆ ಮುಗಿಯಲಿಲ್ಲ. ವಾರದೊಳಗೆ ಮತ್ತೊಂದು ಪ್ರಶ್ನೆಯನ್ನು ತಂದಳು. ಮನೆಯಲ್ಲಿ ಪಾಟಿಯನ್ನು ನೋಡಿದ ಆಕೆಯ ಅಜ್ಜ, ತಮ್ಮ ಕಾಲದ ಆಣೆಯ ಲೆಕ್ಕದಲ್ಲಿ ಈ ಸಂಖ್ಯೆ ಎಂದೂ ಬಂದಿರಲಿಲ್ಲವೆಂದು ವಾದ ಹೂಡಿದ್ದರಂತೆ. "ಅಜ್ಜ ಹೇಳೂದು ಖರೇನ್ರಿ?" ಎಂದು ಕೇಳಿದಳು. ಅಜ್ಜನ ಮಾತು ನಿಜವಾಗಿತ್ತು. ಅವರು ತಿಳಿದುದಕ್ಕಿಂತ ಹೆಚ್ಚಾಗಿ ನಿಜವಾಗಿತ್ತು. ರೂಪಾಯಿಗೆ ಹದಿನಾರಾಣೆ. ಆಣೆಗೆ ಹನ್ನೆರಡು ಪೈ ಎಂಬುದನ್ನು ಬಿಟ್ಟು ಅದನ್ನೂ ಹದಿನಾರು ಪಾಲು, ಆ ಪಾಲನ್ನೂ ಮತ್ತೆ ಹದಿನಾರು ಪಾಲು ಮಾಡುತ್ತ ಹೋದೆವೆಂದು ಭಾವಿಸೋಣ. ಹದಿನಾರರಲ್ಲಿ ಏಳು ಎರಡು ಸಲ, ಶೇಷ ೨. ಮೂವತ್ತೆರಡರಲ್ಲಿ ನಾಲ್ಕು ಸಲ, ಶೇಷ ೪. ಅರವತ್ತನಾಲ್ಕರಲ್ಲಿ ಒಂಬತ್ತು ಸಲ, ಶೇಷ ೧. ಮೂರೇ ಹೆಜ್ಜೆಗೆ ಸುತ್ತು ಮುಗಿಯಿತು: ಎರಡು, ನಾಲ್ಕು, ಒಂಬತ್ತು, ಮತ್ತೆ ಎರಡು, ನಾಲ್ಕು, ಒಂಬತ್ತು. ಹತ್ತರ ಲೆಕ್ಕದಲ್ಲಿ ಒಂದೇ ಓಣಿಯಾಗಿದ್ದ ಏಳರ ಊರು ಹದಿನಾರರ ಲೆಕ್ಕದಲ್ಲಿ ಎರಡು ಓಣಿಯಾಗಿ ಒಡೆಯಿತು. ೧, ೨, ೪ ಒಂದು ಕಡೆ, ೩, ೬, ೫ ಇನ್ನೊಂದು ಕಡೆ. ೧೪೨೮೫೭ರ ಗುಣಗಳು ಏಳೊಂದರವೇ ಅಲ್ಲ, ಏಳು ಹತ್ತುಗಳು ಕೂಡಿದುದರವು.

ಎರಡನೆಯ ಓಣಿಯನ್ನು ಆಕೆ ನಮ್ಮೆದುರಿಗೇ ಮಾಡಿದಳು. ಏಳರಲ್ಲಿ ಆರು ಭಾಗದಿಂದ ಹೊರಟಾಗ ಬಂದವು ಹದಿಮೂರು, ಹನ್ನೊಂದು, ಆರು. ಮೊದಲಿನ ಎರಡು, ನಾಲ್ಕು, ಒಂಬತ್ತರ ಕೆಳಗೆ ಅವುಗಳನ್ನು ಬರೆದು ಸ್ವಲ್ಪ ಹೊತ್ತು ನೋಡಿ, ಒಂದೊಂದು ಜೋಡಿಯನ್ನೂ ಕೂಡಿದಳು. ಮೂರಕ್ಕೂ ಹದಿನೈದು ಬಂದಿತು. ಹತ್ತರ ಲೆಕ್ಕದಲ್ಲಿ ಒಂಬತ್ತಿದ್ದ ಜಾಗದಲ್ಲಿ ಹದಿನಾರರ ಲೆಕ್ಕಕ್ಕೆ ಹದಿನೈದು. ಅಜ್ಜನಿಗೆ ತೋರಿಸಬೇಕೆಂದು ಆ ಪಾಟಿಯನ್ನು ಒರೆಸದೆ, ಅಂಕಿಗಳು ಅಳಿಯದಂತೆ ಎದೆಗೆ ತಾಗಿಸದೆ, ದೂರ ಹಿಡಿದುಕೊಂಡು ಮನೆಗೆ ಹೋದಳು.